ಕ್ಯಾಂಪಿಂಗ್ ಟ್ರೇಲರ್‌ಗೆ 14 ಇಂಚಿನ ವೀಲ್ ಹಾಕಬಹುದಾ?

ಪ್ರಶ್ನೆ: ಒಂದೇ ಆಕ್ಸಲ್, ತುಂಬಿದ ತೂಕ 750 ಕೆ.ಜಿ., ಈಗಿರೋದು 155/80 ಆರ್13 ಟೈರ್ (13 ಇಂಚಿನ ರಿಮ್). ಕೆಮ್ಮಣ್ಣುಗುಂಡಿ ಕಡೆಯ ಕಲ್ಲು ದಾರಿಗೆ 185 ಆರ್14 ಎಲ್‌ಟಿ (ಲೈಟ್ ಟ್ರಕ್ ಟೈರ್, 14 ಇಂಚಿನ ರಿಮ್) ಹಾಕಿದ್ರೆ ಮಡ್‌ಗಾರ್ಡ್‌ಗೆ ತಾಗುತ್ತಾ?

ಉತ್ತರ 1: ಟೈರ್ ವ್ಯಾಸ ಸುಮಾರು 578ರಿಂದ 650 ಮಿ.ಮೀ. ಆಗುತ್ತೆ, ಅಂದ್ರೆ ಟೈರ್ ಮೇಲಿನ ಜಾಗ 36 ಮಿ.ಮೀ. ಕಮ್ಮಿ. ಖಾಲಿ ಗಾಡಿ ಅಳೆದು ಪ್ರಯೋಜನವಿಲ್ಲ. ಪೂರ್ತಿ ಲೋಡ್ ಮಾಡಿ, ಸ್ಪ್ರಿಂಗ್ ಕುಗ್ಗಿದಾಗ ಅಳೀರಿ. ಗುಂಡಿಗೆ ಬಿದ್ದಾಗ ಅದು ಇನ್ನೂ ಕುಗ್ಗುತ್ತೆ. ಟ್ರೇಲರ್ ಎತ್ತರವಾಗಿ ಮೂತಿ ಕೆಳಗಾಗುತ್ತೆ, ಹಿಚ್ ಬಾಲ್ (ಎಳೆಯೋ ಗಾಡಿಯ ಹಿಂದೆ ಟ್ರೇಲರ್ ಸಿಕ್ಕಿಸೋ ಗುಂಡು) ಕೂಡ ಅಷ್ಟೇ ಏರಿಸಿ.

ಉತ್ತರ 2: ಹೊಸ ರಿಮ್‌ನ ಪಿಸಿಡಿ (ನಟ್ ತೂತುಗಳ ವೃತ್ತದ ವ್ಯಾಸ), ಆಫ್‌ಸೆಟ್ (ರಿಮ್ ಮಧ್ಯರೇಖೆಯಿಂದ ಹಬ್‌ಗೆ ಕೂರೋ ಮುಖಕ್ಕಿರೋ ದೂರ) ಎರಡೂ ಹೊಂದಲೇಬೇಕು. ಆಫ್‌ಸೆಟ್ ತಪ್ಪಿದ್ರೆ ಬೇರಿಂಗ್ ಬೇಗ ಹೋಗುತ್ತೆ. ನಟ್‌ಗಳನ್ನು ಎದುರುಬದುರಾಗಿ ಟಾರ್ಕ್ ವ್ರೆಂಚ್‌ನಲ್ಲೇ (ಎಷ್ಟು ಬಿಗಿಯಾಯ್ತು ಅಂತ ಅಳೆಯೋ ಪಾನಾ) ಬಿಗಿಮಾಡಿ, ಸ್ವಲ್ಪ ದೂರ ಓಡಿಸಿದ ಮೇಲೆ ಮತ್ತೊಮ್ಮೆ ನೋಡಿ. ಹೊಸ ರಿಮ್ ಕೂತ ಮೇಲೆ ಸಡಿಲ ಆಗೋದುಂಟು.

ಉತ್ತರ 3: ಸ್ಟೆಪ್ನಿಯೂ 14 ಇಂಚಿನದೇ ಇರಲಿ.