ಬೂಷ್ಟು ಹಿಡಿದ ವಿಎಚ್‌ಎಸ್ ಕ್ಯಾಸೆಟ್‌ನಲ್ಲಿರೋ ಹಳೇ ಜಾಹೀರಾತು ಉಳಿಸೋದು ಹೇಗೆ?

ರೀಲುಗಂಟು:
ಟಿವಿಯಿಂದ ರೆಕಾರ್ಡ್ ಮಾಡಿದ ಒಂದಷ್ಟು ವಿಎಚ್‌ಎಸ್ ಕ್ಯಾಸೆಟ್ ಇವೆ, ಎಲ್ಲವೂ ಪ್ಯಾಲ್ (ನಮ್ಮಲ್ಲಿದ್ದ ಹಳೇ ಟಿವಿ ಪ್ರಸಾರ ಪದ್ಧತಿ). ರೀಲಿನ ಅಂಚಿನಲ್ಲಿ ಬಿಳಿ ಪುಡಿ ಕಾಣ್ತಿದೆ. ಕಾರ್ಯಕ್ರಮಗಳಿಗಿಂತ ನಡುವೆ ಬಂದ ಜಾಹೀರಾತು, ಚಾನೆಲ್ ಲೋಗೋ, ಪ್ರಸಾರ ಕಡಿದಾಗ ತೋರಿಸ್ತಿದ್ದ ಫಲಕಗಳೇ ನನಗೆ ಮುಖ್ಯ. ನೇರವಾಗಿ ವಿಸಿಆರ್‌ಗೆ ಹಾಕಬಹುದಾ? ಕಂಪ್ಯೂಟರಿಗೆ ತುಂಬಿಸೋಕೆ ಯುಎಸ್‌ಬಿ ಡಾಂಗಲ್ ಸಾಕಾ?

ಹೆಡ್‌ಡ್ರಮ್:
ದಯವಿಟ್ಟು ಹಾಕಬೇಡಿ. ಆ ಬಿಳಿ ಪುಡಿ ಬೂಷ್ಟು. ಒಂದು ಕ್ಯಾಸೆಟ್ ಓಡಿಸಿದರೆ ಟೇಪ್ ಓದೋ ಹೆಡ್‌ಗೂ ರೋಲರ್‌ಗೂ ಅಂಟುತ್ತೆ, ಆಮೇಲೆ ಹಾಕಿದ ಒಳ್ಳೇ ಕ್ಯಾಸೆಟ್‌ಗೂ ದಾಟುತ್ತೆ.

ಮೊದಲು ಒಣಗಿಸಿ. ಮುಚ್ಚಿದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಕೆಲವು ದಿನ ಇಡಿ. ಹಸಿ ಬೂಷ್ಟು ಒರೆಸಿದರೆ ಮೆತ್ತಿಕೊಳ್ಳುತ್ತೆ, ಒಣಗಿದ್ದು ಉದುರುತ್ತೆ. ಎನ್95 ಮಾಸ್ಕ್, ಕೈಗವಸು ಹಾಕ್ಕೊಂಡು ಗಾಳಿಯಾಡೋ ಕಡೆ ಕೆಲಸ ಮಾಡಿ. ಕ್ಯಾಸೆಟ್‌ನ ಅಡಿಯಲ್ಲಿ ಐದು ಸ್ಕ್ರೂ ಇರುತ್ತೆ. ಬಿಚ್ಚಿದ ಕೂಡಲೇ ಟೇಪ್ ಹೋಗಿರೋ ದಾರಿಯ ಫೋಟೋ ತೆಗೀರಿ. ಸಣ್ಣ ಸ್ಪ್ರಿಂಗ್, ರೋಲರ್ ಹಾರಿಹೋದರೆ ಹುಡುಕೋದು ಕಷ್ಟ.

ಒರೆಸೋ ಕೆಲಸಕ್ಕೆ, ಕೆಟ್ಟುಹೋದರೂ ಚಿಂತೆಯಿಲ್ಲ ಅನ್ನುವಂಥ ಒಂದು ಹಳೇ ವಿಸಿಆರನ್ನೇ ಬೇರೆ ಇಟ್ಟುಕೊಳ್ಳಿ. ನೂಲು ಬಿಡದ ಒಣ ಬಟ್ಟೆ ಮಡಚಿ, ಟೇಪನ್ನು ಅದರ ನಡುವೆ ಹಗುರವಾಗಿ ಹಾಯಿಸುತ್ತಾ ಸುತ್ತಿಸಿ, ಬಟ್ಟೆಯ ಜಾಗ ಬದಲಿಸುತ್ತಾ ಇರಿ. ಹೋಗದ ಕಡೆ ಮಾತ್ರ 99% ಐಸೊಪ್ರೊಪೈಲ್ ಆಲ್ಕೋಹಾಲ್ ತುಸು ತಾಗಿಸಿ. ಸುರುಳಿಗಳು ಒಂದಕ್ಕೊಂದು ಅಂಟಿದ್ದರೆ ಮೋಟಾರಿನಿಂದ ಎಳೆಸಬೇಡಿ. ಕಾಂತಲೇಪನವೇ ಕಿತ್ತು ಬರುತ್ತೆ, ಚಿತ್ರ ಇರೋದೇ ಅದರಲ್ಲಿ. ಮುಚ್ಚಳ ತೆಗೆದ ವಿಸಿಆರ್ ಸುಮ್ಮಸುಮ್ಮನೆ ನಿಂತರೆ ಕೋಣೆಯ ಬೆಳಕು ಕಡಿಮೆ ಮಾಡಿ. ಟೇಪಿನ ಕೊನೆಯನ್ನು ಅದು ಬೆಳಕಿನ ಸೆನ್ಸರ್‌ನಿಂದ ಗುರುತಿಸುತ್ತೆ, ಹೊರಗಿನ ಬೆಳಕು ಬಿದ್ದರೆ ಟೇಪ್ ಮುಗೀತು ಅಂದುಕೊಳ್ಳುತ್ತೆ.

ಓಡುವಾಗ ಚಿತ್ರ ಹೋಗಿ ಬರೀ ಚುಕ್ಕೆ ಬಂತಾ? ಹೆಡ್ ಕಟ್ಟಿಕೊಂಡಿದೆ, ತಕ್ಷಣ ನಿಲ್ಲಿಸಿ. ಆಲ್ಕೋಹಾಲ್ ಹಚ್ಚಿದ ಮೆತ್ತನೆ ಚರ್ಮದ ಕಡ್ಡಿಯನ್ನು ಡ್ರಮ್‌ಗೆ (ಹೆಡ್‌ಗಳು ಕೂತಿರೋ ತಿರುಗೋ ಉರುಳೆ) ಅಲುಗದಂತೆ ತಾಗಿಸಿ, ಡ್ರಮ್ಮನ್ನೇ ಮೇಲಿನಿಂದ ಕೈಯಲ್ಲಿ ತಿರುಗಿಸಿ. ಮೇಲೆ ಕೆಳಗೆ ಉಜ್ಜಿದರೆ ಹೆಡ್ಡಿನ ತುದಿ ಮುರಿಯುತ್ತೆ. ಕಿವಿಗೆ ಹಾಕೋ ಹತ್ತಿಕಡ್ಡಿ ಬೇಡವೇ ಬೇಡ, ನೂಲು ಸಿಕ್ಕಿಕೊಳ್ಳುತ್ತೆ.

625ಗೆರೆ:
ಡಾಂಗಲ್ ಒಂದೇ ಸಾಲದು. ವಿಎಚ್‌ಎಸ್‌ನಲ್ಲಿ ಪ್ರತಿ ಗೆರೆಯೂ ಸ್ವಲ್ಪ ಹಿಂದೆಮುಂದೆ ಶುರುವಾಗುತ್ತೆ, ಅದಕ್ಕೇ ನೆಟ್ಟಗಿರೋ ಗೋಡೆ ಅಲೆಯಂತೆ ಕಾಣೋದು. ಇದನ್ನು ಸರಿಮಾಡೋದು ಟೈಮ್ ಬೇಸ್ ಕರೆಕ್ಟರ್ ಅನ್ನೋ ಸಾಧನ. ಸಂಕೇತ ತೀರಾ ಅಸ್ಥಿರವಾಗಿದ್ದರೆ ಡಾಂಗಲ್ ಫ್ರೇಮ್‌ಗಳನ್ನೇ ಬಿಟ್ಟುಬಿಡುತ್ತೆ, ಆಗ ಮಾತಿಗೂ ತುಟಿಗೂ ತಾಳೆ ತಪ್ಪುತ್ತೆ. ಕೆಲವು ಡಿವಿಡಿ ರೆಕಾರ್ಡರ್‌ಗಳನ್ನು ನಡುವೆ ಜೋಡಿಸಿದರೂ ಎಷ್ಟೋ ಸುಧಾರಿಸುತ್ತೆ.

720×576, ಸೆಕೆಂಡಿಗೆ 25 ಫ್ರೇಮ್, ಇಂಟರ್‌ಲೇಸ್ (ಬೆಸ ಗೆರೆ, ಸಮ ಗೆರೆಗಳನ್ನು ಸರದಿಯಲ್ಲಿ ತೋರಿಸೋ ರೀತಿ) ಹಾಗೇ ಉಳಿಸಿ ಹಫ್‌ವೈಯುವಿಯಂಥ, ಗುಣಮಟ್ಟ ನಷ್ಟವಾಗದ ಕೋಡೆಕ್‌ನಲ್ಲಿ (ವಿಡಿಯೋ ಕುಗ್ಗಿಸೋ ವಿಧಾನ) ಹಿಡೀರಿ. ಗಂಟೆಗೆ 30–40 ಜಿಬಿ ಆಗಬಹುದು. ಡಿಇಂಟರ್‌ಲೇಸ್ ಮಾಡೋದು, ಅಂದರೆ ಆ ಗೆರೆಗಳನ್ನು ಪೂರ್ತಿ ಫ್ರೇಮ್ ಮಾಡೋದು, ಆಮೇಲೆ, ಪ್ರತಿಯ ಮೇಲೆ, ಸೆಕೆಂಡಿಗೆ 50 ಫ್ರೇಮ್‌ಗೆ. 25ಕ್ಕೆ ಇಳಿಸಿದರೆ ಓಡುವ ಅಕ್ಷರಪಟ್ಟಿಯ ನಯವೇ ಹೋಗುತ್ತೆ, ಆ ಕಾಲದ ಟಿವಿ ವಿನ್ಯಾಸದ ಅರ್ಧ ಸೊಗಸು ಆ ಚಲನೆಯಲ್ಲೇ ಇತ್ತು. ಚಿತ್ರದ ಕೆಳ ಅಂಚಿನ ಗೀಚು ದೋಷವಲ್ಲ, ಓದು ಒಂದು ಹೆಡ್ಡಿನಿಂದ ಇನ್ನೊಂದಕ್ಕೆ ಬದಲಾಗೋ ಜಾಗ. ಹಳೇ ಟಿವಿಗಳ ಚೌಕಟ್ಟು ಅದನ್ನು ಮುಚ್ಚುತ್ತಿತ್ತು. ಮೂಲ ಫೈಲ್‌ನಲ್ಲಿ ಕತ್ತರಿಸಬೇಡಿ.

ಹಳೇಪರದೆ:
ಜಾಹೀರಾತು ಮುಖ್ಯ ಅಂದಿದ್ದು ಸರಿಯಾಗಿದೆ. ಕಾರ್ಯಕ್ರಮದ ಪ್ರತಿ ಎಲ್ಲಾದರೂ ಸಿಗಬಹುದು, ಆದರೆ ಆ ದಿನ ಪ್ರಸಾರವಾದ ಕ್ರಮ ಸಿಗೋದು ಮನೆಯ ಕ್ಯಾಸೆಟ್‌ಗಳಲ್ಲೇ. ಫಿಲಡೆಲ್ಫಿಯಾದ ಮೇರಿಯನ್ ಸ್ಟೋಕ್ಸ್ 2012ರಲ್ಲಿ ಸಾಯುವವರೆಗೂ ದಶಕಗಳ ಕಾಲ ಟಿವಿ ಸುದ್ದಿ ರೆಕಾರ್ಡ್ ಮಾಡಿದ ಸುಮಾರು 70,000 ಕ್ಯಾಸೆಟ್‌ಗಳನ್ನು ಇಂಟರ್ನೆಟ್ ಆರ್ಕೈವ್ ಅನ್ನೋ ಡಿಜಿಟಲ್ ಗ್ರಂಥಾಲಯ ಪಡೆದುಕೊಂಡಿದ್ದೂ ಅದಕ್ಕೇ. ಹಾಗಾಗಿ ತುಣುಕುಗಳನ್ನು ಮಾತ್ರ ಹೆಕ್ಕಬೇಡಿ, ಇಡೀ ಕ್ಯಾಸೆಟ್ ಹಿಡೀರಿ. ತಾರೀಖು ಬರೆದಿಲ್ಲದಿದ್ದರೆ ಹೊಸ ಸಿನಿಮಾದ ಜಾಹೀರಾತು, ಸುದ್ದಿ ಶೀರ್ಷಿಕೆ ನೋಡಿ ತಿಂಗಳವರೆಗೂ ಗುರುತಿಸಬಹುದು.

ವಿಸಿಆರ್ ಮಾಡ್ತಿದ್ದ ಕೊನೆಯ ಕಂಪನಿ ಎನ್ನಲಾದ ಜಪಾನಿನ ಫುನಾಯ್ 2016ರಲ್ಲೇ ತಯಾರಿಕೆ ನಿಲ್ಲಿಸಿತು, ಹೊಸದು ಸಿಗಲ್ಲ. ಕೆಟ್ಟ ಯಂತ್ರ ಸಿಕ್ಕರೂ ಬಿಡಿಭಾಗಕ್ಕೆ ಇಟ್ಟುಕೊಳ್ಳಿ. ಇನ್ನೊಂದು, ಯಾವುದೇ ಕ್ಯಾಸೆಟ್ ಹಾಕುವ ಮೊದಲು ಅದರ ಬೆನ್ನಂಚಿನ ಪ್ಲಾಸ್ಟಿಕ್ ತುಂಡು ಮುರಿಯಿರಿ. ಕೈತಪ್ಪಿ ರೆಕಾರ್ಡ್ ಒತ್ತಿದರೂ ಅಳಿಸಿಹೋಗಲ್ಲ.