ಮರಗಟ್ಟಿಸುವ ಇಂಜೆಕ್ಷನ್: ಒಂದು ಡೋಸ್‌ಗೆ ನಿಜವಾಗಿ ಎಷ್ಟು ಬೀಳುತ್ತದೆ?

ಲೆಕ್ಕದಪುಸ್ತಕ:
ಗಾಯಕ್ಕೆ ಹೊಲಿಗೆ ಹಾಕುವ ಚಿಕ್ಕ ಕ್ಲಿನಿಕ್ ಒಂದರ ಖರ್ಚಿನ ಲೆಕ್ಕ ನೋಡಿಕೊಳ್ಳುತ್ತೇನೆ, ನಾನು ಡಾಕ್ಟರ್ ಅಲ್ಲ. ಹೊಲಿಗೆಗೆ ಮೊದಲು ಆ ಜಾಗ ಮರಗಟ್ಟಿಸಲು ನಾವು ತರಿಸುವುದು ಜೆನೆರಿಕ್ ಲಿಗ್ನೊಕೇನ್ 2%, 30 ಎಂಎಲ್ ವಯಲ್, ಅಂದರೆ ರಬ್ಬರ್ ಮುಚ್ಚಳದ ಚಿಕ್ಕ ಗಾಜಿನ ಬಾಟಲಿ. ಲೆಕ್ಕಕ್ಕೆ ಬೆಲೆ 90 ಅಂತ ಇಟ್ಟುಕೊಳ್ಳಿ, ಯಾವ ಹಣವಾದರೂ ಸರಿ. ಎಂಎಲ್‌ಗೆ 3 ಆಯಿತು. ಒಬ್ಬರಿಗೆ ಸುಮಾರು 4 ಎಂಎಲ್ ಬೇಕಾಗುತ್ತದೆ, ಅಂದರೆ 12. ಆದರೆ ತಿಂಗಳ ಕೊನೆಗೆ ಬಿಲ್ಲನ್ನು ರೋಗಿಗಳ ಸಂಖ್ಯೆಯಿಂದ ಭಾಗಿಸಿದರೆ 30ರ ಹತ್ತಿರ ಬರುತ್ತಿದೆ! ಎಲ್ಲಿ ತಪ್ಪುತ್ತಿದ್ದೇನೆ? ಇನ್ನೊಂದು ವಿಷಯ, 2%ರ ಬದಲು 1% ತಂದರೆ ಅರ್ಧ ಬೆಲೆಗೆ ಸಿಗುತ್ತದಾ?

ಬಿಳಿಏಪ್ರನ್:
ನಾನು ನರ್ಸ್. ನೀವು ಹಾಕಿದ ಮದ್ದನ್ನು ಎಣಿಸಿದ್ದೀರಿ, ಚೆಲ್ಲಿದ್ದನ್ನು ಬಿಟ್ಟಿದ್ದೀರಿ ಅಷ್ಟೇ. ಹಲವು ಸಲ ಬಳಸುವ ವಯಲ್‌ಗೆ ಒಮ್ಮೆ ಸೂಜಿ ಚುಚ್ಚಿದ ಮೇಲೆ, ತಯಾರಕರು ಬೇರೆ ಹೇಳಿಲ್ಲದಿದ್ದರೆ, 28 ದಿನಕ್ಕೆ ಬಿಸಾಡಬೇಕು. ಲೇಬಲ್ ಮೇಲಿರುವ ಎಕ್ಸ್‌ಪೈರಿ ತೆರೆಯದ ವಯಲ್‌ಗೆ ಮಾತ್ರ. ಆ 28 ದಿನದಲ್ಲಿ ಮೂರೇ ಜನ ಬಂದರೆ 12 ಎಂಎಲ್ ಖರ್ಚು, 18 ಎಂಎಲ್ ಕಸಕ್ಕೆ. 90 ಭಾಗಿಸು 3, ತಲೆಗೆ 30. ನಿಮಗೆ ಬರುತ್ತಿರುವುದೂ ಅದೇ ಅಲ್ವಾ?

ಹಿಂದೆ ನಾನಿದ್ದ ಒಂದು ಕಡೆ ತೆರೆದ ದಿನ ಬರೆಯುವ ಅಭ್ಯಾಸವೇ ಇರಲಿಲ್ಲ. ಟ್ರೇಯಲ್ಲಿ ಒಂದು ವಯಲ್, ಮೇಲಿನ ಪ್ಲಾಸ್ಟಿಕ್ ಮುಚ್ಚಳ ಹೋಗಿದೆ, ರಬ್ಬರ್ ಮೇಲೆ ಒಂದೇ ಒಂದು ಚುಚ್ಚಿದ ಗುರುತು, ಮದ್ದು ಕತ್ತಿನವರೆಗೂ ಇದೆ, ಆದರೆ ಯಾವತ್ತು ತೆರೆದದ್ದು ಅಂತ ಯಾರಿಗೂ ಗೊತ್ತಿಲ್ಲ. ಬಿಸಾಡಿದೆ. ತುಂಬಾ ಬೇಜಾರಾಯಿತು. ಒಂದು ತುಂಡು ಪ್ಲಾಸ್ಟರ್ ಅಂಟಿಸಿ ದಿನಾಂಕ ಬರೆದಿದ್ದರೆ ಉಳಿಯುತ್ತಿತ್ತು.

ಔಷಧಿಕಪಾಟು:
ಮೇಲಿನವರು ಹೇಳಿದ್ದು ಸರಿ. ನಾನು ಫಾರ್ಮಸಿ ಕಡೆಯವನು, 1%ರ ಪ್ರಶ್ನೆಗೆ ಉತ್ತರಿಸುತ್ತೇನೆ. ಅರ್ಧ ಬೆಲೆ ಅಂತ ಲೆಕ್ಕ ಹಾಕಬೇಡಿ. 2% ಅಂದರೆ ಎಂಎಲ್‌ಗೆ 20 ಮಿಲಿಗ್ರಾಂ, ಪೂರ್ತಿ ವಯಲ್‌ನಲ್ಲಿ ಇರುವ ಮದ್ದೇ 600 ಮಿಲಿಗ್ರಾಂ, ಒಂದು ಗ್ರಾಂ ಕೂಡ ಇಲ್ಲ. ಲಿಗ್ನೊಕೇನ್ 1943ರಲ್ಲಿ ಸ್ವೀಡನ್‌ನಲ್ಲಿ ತಯಾರಾದ ಮದ್ದು, ಪೇಟೆಂಟ್ ಮುಗಿದು ಎಷ್ಟೋ ಕಾಲವಾಗಿದೆ. ನೀವು ಹಣ ಕೊಡುತ್ತಿರುವುದು ಬಹುಪಾಲು ಗಾಜಿಗೆ, ರಬ್ಬರಿಗೆ, ಸೂಕ್ಷ್ಮಜೀವಿ ಇಲ್ಲದಂತೆ ತುಂಬುವ ಕೆಲಸಕ್ಕೆ, ಪರೀಕ್ಷೆಗೆ. ಅದು 1%ಗೂ ಅಷ್ಟೇ ಬೇಕು.

ಆದರೂ ಡಾಕ್ಟರ್ ಹತ್ತಿರ 1% ಬಗ್ಗೆ ಮಾತಾಡಿ, ಹಣಕ್ಕಲ್ಲ, ಸುರಕ್ಷತೆಗೆ. ಅಡ್ರಿನಲಿನ್ (ಕೆಲವು ಲಿಗ್ನೊಕೇನ್‌ನಲ್ಲಿ ಬೆರೆಸಿರುವ ಇನ್ನೊಂದು ಮದ್ದು) ಇಲ್ಲದ ಲಿಗ್ನೊಕೇನ್‌ಗೆ ದೊಡ್ಡವರಲ್ಲಿ ಸಾಮಾನ್ಯವಾಗಿ ಹೇಳುವ ಮಿತಿ ಕೆಜಿಗೆ 4.5 ಮಿಲಿಗ್ರಾಂ, ಒಟ್ಟು 300 ದಾಟಬಾರದು. 60 ಕೆಜಿಯವರಿಗೆ 270, ಅಂದರೆ 2%ನಲ್ಲಿ 13.5 ಎಂಎಲ್, 1%ನಲ್ಲಿ 27. ಉದ್ದ ಗಾಯವಾದರೆ ಈ ವ್ಯತ್ಯಾಸ ದೊಡ್ಡದು.

ಇನ್ನು 5 ಎಂಎಲ್ ಆಂಪೂಲ್, ಅಂದರೆ ಕತ್ತು ಮುರಿದು ಒಂದೇ ಸಲ ಬಳಸುವ ಚಿಕ್ಕ ಗಾಜಿನ ಸೀಸೆ, ಒಂದಕ್ಕೆ 25 ಅಂತ ಇಟ್ಟುಕೊಳ್ಳಿ. ಎಂಎಲ್‌ಗೆ 5, ನೋಡೋಕೆ ದುಬಾರಿ. ಆದರೆ ಒಬ್ಬರಿಗೆ ಒಂದರಂತೆ ತಲೆಗೆ 25 ಅಷ್ಟೇ, 28 ದಿನಕ್ಕೆ ಮೂರೇ ಜನ ಬಂದರೆ ಅದೇ ಅಗ್ಗ. ನಾಲ್ಕು ಜನ ಆದರೆ ವಯಲ್ 22.5ಕ್ಕೆ ಬರುತ್ತದೆ, ಆಗ ವಯಲ್ ಗೆಲ್ಲುತ್ತದೆ. ಆಂಪೂಲ್‌ನಲ್ಲಿ ಉಳಿದದ್ದನ್ನು ಮಾತ್ರ ಇನ್ನೊಬ್ಬರಿಗೆ ಇಡಬೇಡಿ, ಅದರಲ್ಲಿ ಕೆಡದಂತೆ ಕಾಯುವ ಪದಾರ್ಥ ಇರುವುದಿಲ್ಲ.

ಲೆಕ್ಕದಪುಸ್ತಕ:
ಈಗ ಅರ್ಥವಾಯಿತು, ತುಂಬಾ ಥ್ಯಾಂಕ್ಸ್. ನಮ್ಮಲ್ಲಿ ಎರಡು ಟ್ರೇ ಇವೆ, ಎರಡರಲ್ಲೂ ಒಂದೊಂದು ತೆರೆದ ವಯಲ್! ಸಿರಿಂಜ್, ಸೂಜಿಯನ್ನೂ ಡೋಸ್‌ಗೆ ಸೇರಿಸಬೇಕಾ?

ಬಿಳಿಏಪ್ರನ್:
ಖಂಡಿತ ಸೇರಿಸಿ. ಎಳೆಯೋಕೆ ಒಂದು ಸೂಜಿ, ಚುಚ್ಚೋಕೆ ಸಣ್ಣದೊಂದು, ಸಿರಿಂಜ್, ಗ್ಲೌಸ್, ಸ್ವಾಬ್. ಎಲ್ಲ ಕೂಡಿಸಿದರೆ ಮದ್ದಿಗಿಂತ ಜಾಸ್ತಿಯೂ ಆಗಬಹುದು. ಅಲ್ಲಿ ಮಾತ್ರ ಉಳಿಸಲು ಹೋಗಬೇಡಿ, ದಯವಿಟ್ಟು. ಸೂಜಿಯನ್ನು ರಬ್ಬರ್‌ನಲ್ಲೇ ಚುಚ್ಚಿಟ್ಟು ಮುಂದಿನವರಿಗೂ ಅದರಿಂದಲೇ ಎಳೆಯುವುದನ್ನು ಕಣ್ಣಾರೆ ಕಂಡಿದ್ದೇನೆ. ಒಬ್ಬರ ಸೋಂಕು ಇನ್ನೊಬ್ಬರಿಗೆ ಹೋಗುವ ದಾರಿ ಅದು. ನಾಳೆಯಿಂದಲೇ ಎರಡು ಟ್ರೇಗೂ ಒಂದೇ ವಯಲ್ ತೆರೆದು ಬಳಸಿ, ರೋಗಿ ಮಲಗುವ ಜಾಗದಿಂದ ದೂರ ಇಡಿ, ದಿನಾಂಕ ಬರೆಯಿರಿ. ಒಂದು ತಿಂಗಳಾದ ಮೇಲೆ ತಲೆಗೆ ಎಷ್ಟು ಬಿತ್ತು ಅಂತ ಇಲ್ಲೇ ತಿಳಿಸಿ.