ಸಾಲ್ವರ್ (ದೊಡ್ಡ ಸಮೀಕರಣಗಳನ್ನ ಬಿಡಿಸೋ ಪ್ರೋಗ್ರಾಂ) ಬರೆಯೋ ಕೆಲಸಕ್ಕೆ ಹೋಗ್ಬೇಕು, ಇನ್ನೇನು ಕಲೀಬೇಕು?

ಪ್ರಶ್ನೆ:
ಎಂ.ಟೆಕ್ ಮುಗೀತಾ ಬಂತು. ಪ್ಯಾರಲಲ್ ಕಂಪ್ಯೂಟಿಂಗ್ (ಒಂದೇ ಲೆಕ್ಕವನ್ನ ಹಲವು ಕೋರ್‌ಗಳಿಗೆ ಹಂಚಿ ಮಾಡೋದು) ಕಡೆ ಹೋಗೋ ಆಸೆ. ಸಿ++, ಓಪನ್‌ಎಂಪಿ (ಒಂದೇ ಮಷೀನ್‌ನ ಥ್ರೆಡ್‌ಗಳಿಗೆ ಕೆಲಸ ಹಂಚೋದು), ಸ್ವಲ್ಪ ಎಂಪಿಐ (ಹಲವು ಮಷೀನ್‌ಗಳ ನಡುವೆ ಸಂದೇಶ ಕಳಿಸೋದು) ಬರುತ್ತೆ. ಸಿಎಸ್‌ಆರ್ ಮ್ಯಾಟ್ರಿಕ್ಸ್ (ಸೊನ್ನೆಯಲ್ಲದ ಅಂಶಗಳನ್ನ ಮಾತ್ರ ಇಡೋ ರೂಪ) ಇಟ್ಕೊಂಡು ಕಾಂಜುಗೇಟ್ ಗ್ರೇಡಿಯಂಟ್ ಅನ್ನೋ ಸಾಲ್ವರ್ ಬರೆದಿದೀನಿ. ಎರಡು ಸಾಕೆಟ್‌ನ (ಎರಡು ಪ್ರೊಸೆಸರ್ ಚಿಪ್ ಇರೋ) ಸರ್ವರ್‌ನಲ್ಲಿ 8 ಥ್ರೆಡ್ ದಾಟಿದ್ಮೇಲೆ ವೇಗ ಏರ್ತಿಲ್ಲ. ಓಡಿಸಿದಾಗೆಲ್ಲ ಉತ್ತರದ ಕೊನೆ ಅಂಕಿಗಳೂ ಬದಲಾಗುತ್ವೆ. ಪಿಎಚ್‌ಡಿ ಮಾಡ್ಲೇಬೇಕಾ?

ಉತ್ತರ 1:
ಮೊದಲು ವೇಗದ ಮಾತು. ಸಿಎಸ್‌ಆರ್‌ನಲ್ಲಿ ಒಂದೊಂದು ಅಂಶಕ್ಕೂ 8 ಬೈಟ್‌ನ ಸಂಖ್ಯೆ, 4 ಬೈಟ್‌ನ ಇಂಡೆಕ್ಸ್ (ಯಾವ ಕಾಲಂ ಅನ್ನೋದು) ಓದಬೇಕು. ಸಿಗೋ ಕೆಲಸ ಒಂದು ಗುಣಾಕಾರ, ಒಂದು ಕೂಡಿಕೆ. ಮೆಮೊರಿ ಸೆಕೆಂಡಿಗೆ 100 ಜಿಬಿ ಕೊಟ್ಟರೆ 16 ಗಿಗಾಫ್ಲಾಪ್ಸ್ (ಸೆಕೆಂಡಿಗೆ 1600 ಕೋಟಿ ಲೆಕ್ಕ) ಆಸುಪಾಸಿಗೇ ಮಿತಿ. ಕೋರ್ ಎಷ್ಟಿದ್ರೇನು! ಮೆಮೊರಿ ವೇಗ ಅಳೆಯೋ ಸ್ಟ್ರೀಮ್ ಬೆಂಚ್‌ಮಾರ್ಕ್ ಓಡಿಸಿ ನಿಮ್ಮ ಮಷೀನ್ ನಿಜಕ್ಕೂ ಎಷ್ಟು ಕೊಡುತ್ತೆ ನೋಡಿ, ಅದಕ್ಕೆ ಹೋಲಿಸಿ.

ಅದಕ್ಕಿಂತ ತುಂಬಾ ಕಮ್ಮಿ ಬಂದರೆ ನನ್ನ ಅನುಮಾನ ಎಸ್‌ಟಿಡಿ ವೆಕ್ಟರ್ (ಸಿ++ನ ಸಿದ್ಧ ಅರೇ) ಮೇಲೆ. ಅದು ಹುಟ್ಟುವಾಗಲೇ ಒಂದೇ ಥ್ರೆಡ್‌ನಲ್ಲಿ ಪೂರ್ತಿ ಸೊನ್ನೆ ತುಂಬುತ್ತೆ. ಲಿನಕ್ಸ್‌ನಲ್ಲಿ ಪೇಜ್ (ಮೆಮೊರಿಯ ಒಂದು ತುಂಡು) ಮೊದಲು ಮುಟ್ಟಿದ ಕೋರ್ ಇರೋ ಸಾಕೆಟ್‌ನ ಮೆಮೊರಿಗೆ ಹೋಗೋದು, ಹಾಗಾಗಿ ಡೇಟಾ ಎಲ್ಲ ಒಂದೇ ಕಡೆ ಸೇರಿರುತ್ತೆ. ಸುಮ್ನೆ ಜಾಗ ಮಾತ್ರ ತಗೊಂಡು, ಲೆಕ್ಕದ ಲೂಪ್‌ಗೆ ಇರೋ ಸ್ಟ್ಯಾಟಿಕ್ ಶೆಡ್ಯೂಲ್‌ನಲ್ಲೇ (ಯಾವ ಥ್ರೆಡ್‌ಗೆ ಯಾವ ಭಾಗ ಅಂತ ಮೊದಲೇ ಹಂಚೋದು) ತುಂಬಿ. ಥ್ರೆಡ್‌ಗಳು ಅತ್ತಿತ್ತ ಹೋಗದ ಹಾಗೆ ಕೋರ್‌ಗೆ ಪಿನ್ ಮಾಡೋದನ್ನ ಮರೀಬೇಡಿ.

ಉತ್ತರ 2:
ಅಂಕಿ ಬದಲಾಗೋದು ಬಗ್ ಅಲ್ಲ. ಡಬಲ್‌ನಲ್ಲಿ (8 ಬೈಟ್‌ನ ದಶಮಾಂಶ ಸಂಖ್ಯೆ, ಸುಮಾರು 16 ಅಂಕಿಯಷ್ಟೇ ನಿಖರ) 10^16ಕ್ಕೆ 1 ಕೂಡಿಸಿ 10^16 ಕಳೆದರೆ 0. ಮೊದಲೇ ಕಳೆದು ಆಮೇಲೆ 1 ಕೂಡಿಸಿದರೆ 1. ಓಪನ್‌ಎಂಪಿಯ ರಿಡಕ್ಷನ್ (ಎಲ್ಲ ಥ್ರೆಡ್‌ಗಳ ಫಲಿತಾಂಶ ಒಂದುಗೂಡಿಸೋದು) ಥ್ರೆಡ್‌ಗಳ ಮೊತ್ತವನ್ನ ಯಾವ ಕ್ರಮದಲ್ಲಿ ಕೂಡಿಸುತ್ತೆ ಅನ್ನೋದಕ್ಕೆ ಖಾತ್ರಿ ಇಲ್ಲ. ಅರೇನ 4096ರ ಬ್ಲಾಕ್ ಮಾಡಿ, ಒಂದೊಂದರ ಮೊತ್ತ ಬೇರೆ ಇಟ್ಟು, ಕೊನೆಗೆ ಕ್ರಮವಾಗಿ ಕೂಡಿಸಿ. ಅದೇ ಬೈನರಿಯಲ್ಲಿ ಥ್ರೆಡ್ ಎಷ್ಟಿದ್ದರೂ ಅದೇ ಉತ್ತರ. ಕಹಾನ್ ಸಮ್ (ಕೂಡುವಾಗ ಕಳೆದುಹೋದ ಚೂರನ್ನ ತಿದ್ದುಪಡಿ ಪದದಲ್ಲಿ ಇಟ್ಕೊಳ್ಳೋ ವಿಧಾನ) ಹಾಕೋದಾದ್ರೆ ಕಂಪೈಲರ್‌ನ ಫಾಸ್ಟ್-ಮ್ಯಾತ್ ಫ್ಲ್ಯಾಗ್ ತೆಗೀರಿ. ಇಲ್ಲಾಂದ್ರೆ ತಿದ್ದುಪಡಿ ಪದ ಬೀಜಗಣಿತದ ಪ್ರಕಾರ ಸೊನ್ನೆ ಅಂತ ಕಂಪೈಲರ್ ಅದನ್ನ ಕಿತ್ತು ಹಾಕಬಹುದು.

ಟೆಸ್ಟ್‌ನಲ್ಲಿ ಎರಡು ಡಬಲ್‌ಗಳನ್ನ ನೇರ ಸಮ ಅಂತ ಹೋಲಿಸೋರನ್ನ ಕಂಡ್ರೆ ಈ ಕ್ಷೇತ್ರದಲ್ಲಿ ಯಾರಿಗೂ ಆಗಲ್ಲ. ಸಾಪೇಕ್ಷ ದೋಷ (ವ್ಯತ್ಯಾಸವನ್ನ ಸಂಖ್ಯೆಯ ಗಾತ್ರದಿಂದ ಭಾಗಿಸಿದ್ದು) ನೋಡಿ.

ಉತ್ತರ 3:
ಪಿಎಚ್‌ಡಿ ಬಗ್ಗೆ: ಹೊಸ ಪ್ರೀಕಂಡಿಷನರ್ (ಸಾಲ್ವರ್ ಬೇಗ ಉತ್ತರ ಮುಟ್ಟೋ ಹಾಗೆ ಮಾಡೋ ಹಂತ), ಹೊಸ ಅಲ್ಗಾರಿದಮ್ ಹುಡುಕೋ ಹುದ್ದೆಗೆ ಬೇಕು. ಬೆಂಗಳೂರಲ್ಲೇ ಐಐಎಸ್‌ಸಿಯ ಸಿಡಿಎಸ್ (ಕಂಪ್ಯೂಟೇಷನಲ್ ಅಂಡ್ ಡೇಟಾ ಸೈನ್ಸಸ್) ವಿಭಾಗ ಇದೆ, ಪರಮ್ ಪ್ರವೇಗ ಅನ್ನೋ ಸೂಪರ್‌ಕಂಪ್ಯೂಟರ್ ಐಐಎಸ್‌ಸಿಯಲ್ಲೇ ಇರೋದು. ಇರೋ ಲೈಬ್ರರಿಗಳನ್ನ ಹೊಸ ಚಿಪ್‌ಗೆ ಟ್ಯೂನ್ ಮಾಡೋ ಕೆಲಸಕ್ಕೆ ಎಂ.ಟೆಕ್ ಸಾಕಾಗಬಹುದು, ಆದರೆ ಕೋಡ್ ತೋರಿಸಬೇಕು. ಪೆಟ್ಸಿ (PETSc, ಸಾಲ್ವರ್ ಲೈಬ್ರರಿ) ಅಥವಾ ಓಪನ್‌ಬ್ಲಾಸ್‌ನಲ್ಲಿ (ಮ್ಯಾಟ್ರಿಕ್ಸ್ ಲೆಕ್ಕದ ಲೈಬ್ರರಿ) ಇನ್ನೂ ಸರಿಹೋಗದೆ ತೆರೆದಿರೋ ಒಂದು ಸಣ್ಣ ದೋಷ ತಗೊಂಡು, ಅದನ್ನ ಹಿಡಿಯೋ ಟೆಸ್ಟ್ ಮೊದಲು ಬರೆದು, ಆಮೇಲೆ ಪ್ಯಾಚ್ ಕಳಿಸಿ. ಮೊದಲ ಸಲವೇ ಕರ್ನಲ್‌ಗೆ (ಲೈಬ್ರರಿಯ ಒಳಗಿನ ಮುಖ್ಯ ಲೆಕ್ಕದ ಕೋಡ್) ಕೈ ಹಾಕಬೇಡಿ, ರಿವ್ಯೂ ಮಾಡೋರು ಎಲ್ಲ ಆರ್ಕಿಟೆಕ್ಚರ್‌ನ (ಬೇರೆಬೇರೆ ಬಗೆಯ ಚಿಪ್‌ಗಳ) ವೇಗದ ಅಳತೆ ಕೇಳಬಹುದು.